ಲೆಕ್ಕಕ್ಕಿಲ್ಲದ ಓಟ

ಶ್ರೀಮಂತ ದೇಶಗಳ ಮಕ್ಕಳು ಓಡುವುದನ್ನು ಯಾವ ವರ್ಷ ನಿಲ್ಲಿಸಿದರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗೋಡೆ ಗಡಿಯಾರ ನಿಂತದ್ದು ಬಸ್ಸು ತಪ್ಪಿದ ಮೇಲಷ್ಟೇ ಗೊತ್ತಾಗುವಂತೆ, ಇದೂ ತಡವಾಗಿ ಗೊತ್ತಾಯಿತು. ವರದಿಗಳೇನೋ ವರ್ಷಾವರ್ಷ ಬರುತ್ತಿದ್ದವು. ಪಂಡಿತರ ಮಂಡಳಿಯೊಂದು ಆಯಾ ದೇಶದ ಮಕ್ಕಳ ಚಲನವಲನ ನೋಡಿ ಆ ದೇಶಕ್ಕೇ ಒಂದು ದರ್ಜೆ ಕೊಡುತ್ತಿತ್ತು. ದರ್ಜೆ ಇಳಿಯುತ್ತ ಇಳಿಯುತ್ತ ಕೊನೆಯ ಅಕ್ಷರ ಮುಟ್ಟಿದಾಗ ದೇಶಗಳೆಲ್ಲ ಒಂದು ಸರೋವರದ ದಂಡೆಯಲ್ಲಿ ಸೇರಿ, ಊಟ ಮಾಡಿ, ದರ್ಜೆ ಕೊಡುವ ಪದ್ಧತಿಯನ್ನೇ ಬದಲಿಸಿದವು. ಕೂತಲ್ಲೇ ಕಾಲು ಅಲ್ಲಾಡಿಸುವುದನ್ನೂ ಚಲನೆಯೆಂದು ಒಪ್ಪಿಕೊಂಡ ಆ ವರ್ಷ ಎಲ್ಲರೂ ಪಾಸಾದರು.

ಈ ಹೊಸ ಪದ್ಧತಿಯನ್ನು ಯಾರೂ ಹೃದಯಕ್ಕೆ ತಿಳಿಸಿರಲಿಲ್ಲ. ಮಗು ಬೆಳೆಯಿತು, ಹಲ್ಲು ಬಂದವು, ಮೀಸೆಯೂ ಚಿಗುರಿತು. ಎದೆಯೊಳಗಿನದು ಮಾತ್ರ ಎಳೆಗೂಸಿನದಾಗಿಯೇ ಉಳಿಯಿತು. ಓಡದವನಿಗೆ ದೊಡ್ಡ ಹೃದಯ ಯಾಕೆ ಬೇಕು ಎಂದು ದೇಹವೂ ಒಬ್ಬ ಮಿತವ್ಯಯಿ ಗುಮಾಸ್ತನಂತೆ ಯೋಚಿಸಿತು. ವೈದ್ಯರು ಈ ಕಾಯಿಲೆಗೆ ಬಾಗಿಲ ಫಲಕದಲ್ಲಿ ಹಿಡಿಸದಷ್ಟು ಉದ್ದದ ಹೆಸರಿಟ್ಟರು. ಜನ 'ಕೂತ ಹೃದಯ' ಎಂದರು.

ಉತ್ತರದ ಹಾಲ್ವಿಕ್ ಎಂಬ ಹಿಮದ ನಗರದಲ್ಲಿ ಇದಕ್ಕೆ ಮದ್ದು ಹುಡುಕುತ್ತಿದ್ದವರಲ್ಲಿ ಡಾಕ್ಟರ್ ನೀಲಾಂಬಿಕಾ ಮೆಣಸಿನಕಾಯಿ ಒಬ್ಬಳು. ಮನೆತನದ ಹೆಸರಿನ ಅರ್ಥವೇನೆಂದು ಸಹೋದ್ಯೋಗಿಗಳು ಮೊದಲ ವಾರ ಕೇಳಿದ್ದರು, ಆಕೆ ಹೇಳಿದ್ದಳು. ಅಂದಿನಿಂದ ಕ್ಯಾಂಟೀನಿನಲ್ಲಿ ಆಕೆಗೆ ಯಾರೂ ತಮ್ಮ ಊಟದ ರುಚಿ ನೋಡಲು ಕೊಡಲಿಲ್ಲ.

ಮದ್ದು ಸಿಕ್ಕಿದ್ದು ಇಲಿಗಳಲ್ಲಿ. ಸ್ನಾಯು ದುಡಿದಾಗ ಅದು ರಕ್ತಕ್ಕೆ ನೂರಾರು ಬಗೆಯ ಸಂದೇಶವಾಹಕ ವಸ್ತುಗಳನ್ನು ಬಿಡುತ್ತದೆ ಎಂಬುದು ಹಳೆಯ ಸಂಗತಿ. ನೀಲಾಂಬಿಕಾ ಕಂಡದ್ದು ಅವುಗಳ ನಡುವೆ ಅಡಗಿದ್ದ ಒಂದು ಹೊಸದನ್ನು. ಅದನ್ನು ಕೊಟ್ಟರೆ ಕೂತ ಹೃದಯ ಎದ್ದು ಬೆಳೆಯುತ್ತಿತ್ತು. ಆದರೆ ಗಾಲಿಯ ಮೇಲೆ ಓಡಿಸಿದ ಇಲಿಗಳಲ್ಲಿ ಅದು ಹುಟ್ಟಲಿಲ್ಲ, ತಿಂಡಿಯ ಆಸೆಗೆ ಓಡಿದವುಗಳಲ್ಲೂ ಇಲ್ಲ, ಬೆಕ್ಕಿನ ವಾಸನೆಗೆ ಹೆದರಿ ಓಡಿದವುಗಳಲ್ಲೂ ಇಲ್ಲ. ಸುಮ್ಮನೆ ಒಂದರ ಬೆನ್ನು ಒಂದು ಹತ್ತಿ ಉರುಳಾಡುತ್ತಿದ್ದ ಮರಿಗಳಲ್ಲಿ ಮಾತ್ರ ತುಂಬಿ ಹರಿಯುತ್ತಿತ್ತು. ಎಲ್ಲಿಗೂ ಮುಟ್ಟಬೇಕಿಲ್ಲದ ಓಟದಲ್ಲಷ್ಟೇ ಹುಟ್ಟುವ ವಸ್ತು. ಆಕೆ ತನ್ನ ಮಟ್ಟಿಗೆ ಅದನ್ನು 'ಕೇಕೆ' ಎಂದು ಕರೆದಳು. ಸಂಸ್ಥೆ ಬೇರೆ ಹೆಸರಿಟ್ಟು ಹಕ್ಕು ಕಾದಿರಿಸಿತು.

ಕಾರ್ಖಾನೆಯಲ್ಲಿ ತಯಾರಿಸಲು ನೋಡಿದರು. ಅಣುಗಳೆಲ್ಲ ಸರಿಯಿದ್ದವು, ಅವು ಮಡಚಿಕೊಳ್ಳುವ ರೀತಿ ಮಾತ್ರ ಬರಲಿಲ್ಲ. ಹಿಟ್ಟು, ಹೂರಣ, ಎಣ್ಣೆ ಎಲ್ಲ ಇದ್ದೂ ಹೋಳಿಗೆಯಾಗದ ಹಾಗೆ. ಮನುಷ್ಯರ ಪೈಕಿ ಅದು ಮಕ್ಕಳಲ್ಲೇ ಹುಟ್ಟಬೇಕಿತ್ತು. ಹಾಲ್ವಿಕ್‌ನ ಮಕ್ಕಳನ್ನು ಬೆಚ್ಚನೆಯ ದೊಡ್ಡ ಹಜಾರಕ್ಕೆ ಬಿಟ್ಟು "ಆಡಿ" ಎಂದರು. ಮಕ್ಕಳು ಕೂತರು. ನಿಯಮಗಳೇನು, ಅಂಕ ಎಷ್ಟು, ಹಿಂದಿನ ಸುತ್ತಿನಲ್ಲಿ ಗೆದ್ದವರು ಯಾರು ಎಂದು ವಿಚಾರಿಸಿದರು. ಒಬ್ಬ ಹುಡುಗಿ ತನ್ನ ಪರವಾಗಿ ಬೇರೆಯವರು ಓಡಬಹುದೇ ಎಂದು ಕೇಳಿದಳು.

ಸಂಸ್ಥೆಗೆ ಇದಕ್ಕಿಂತ ಒಳ್ಳೆಯ ಸಲಹೆ ಯಾರಿಂದಲೂ ಬಂದಿರಲಿಲ್ಲ.

*

ಹೀಗೆ ಜಗತ್ತಿನ ನಾನಾ ಊರುಗಳಲ್ಲಿ ಇನ್ನೂ ಓಡುತ್ತಿದ್ದ ಮಕ್ಕಳಿಗಾಗಿ ಮೈದಾನಗಳು ಸಿದ್ಧವಾದವು. ಮಗುವಿನ ತೋಳಿಗೆ ಹಳೆಯ ಎಂಟಾಣೆಯಷ್ಟಗಲದ ಒಂದು ಬಿಲ್ಲೆ ಅಂಟಿಸುವುದು. ಮಗು ಆಡುವಾಗ ಬಿಲ್ಲೆ ಸೊಳ್ಳೆ ಕಚ್ಚಿದಷ್ಟೂ ನೋವಾಗದಂತೆ ರಸ ಹೀರಿಕೊಳ್ಳುತ್ತದೆ. ಕೇಕೆ ಸಿಕ್ಕಾಗ ಅದರ ನಡುವೆ ಒಂದು ಹಸಿರು ದೀಪ ಮಿನುಗುತ್ತದೆ. ಸಂಜೆ ಬಿಲ್ಲೆ ಬಿಚ್ಚಿ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ವಿಮಾನಕ್ಕೆ ಹಾಕುವುದು. ಆಡಿದ ಮಕ್ಕಳ ಮನೆಗೆ ಪ್ರತಿತಿಂಗಳು ಸಂಬಳ. ಇದರಲ್ಲಿ ಯಾರಿಗೂ ಅನ್ಯಾಯ ಕಾಣಲಿಲ್ಲ. ಆಡುವವರು ಹೇಗೂ ಆಡುತ್ತಿದ್ದರು.

ನೀಲಾಂಬಿಕಾಳ ಮಗ ಬಸು ಮದ್ದು ಪಡೆದ ಮೊದಲ ತಂಡದಲ್ಲಿದ್ದ. ಹತ್ತು ವರ್ಷದ ಹುಡುಗ. ಆ ಊರಿನ ಎಲ್ಲ ಮಕ್ಕಳಂತೆ ಅವನಿಗೂ ಒಂದು ಕುರ್ಚಿ ಇತ್ತು. ಹಾಸಿಗೆಯಿಂದ ಎತ್ತಿಕೊಂಡು, ತಿಂಡಿಗೆ ಒಯ್ದು, ಶಾಲೆಗೆ ಮುಟ್ಟಿಸಿ, ಬೇಕೆಂದದ್ದರ ಹತ್ತಿರ ತಂದು ನಿಲ್ಲಿಸುವ ಕುರ್ಚಿ. ಅವನು ಅದಕ್ಕೆ ನಂದಿ ಎಂದು ಹೆಸರಿಟ್ಟಿದ್ದ.

"ನಂದಿ ಮ್ಯಾಲ ಶಿವ ಕೂಡೋದು ಕೇಳೀನಿ," ಎನ್ನುತ್ತಿದ್ದ ಅಪ್ಪ ಪ್ರಭುಲಿಂಗ. "ನಮ್ಮ ಮನ್ಯಾಗ ನಂದಿ ಮ್ಯಾಲ ಬಸವಣ್ಣನ ಕೂತಾನ. ಯಾರು ಯಾರನ್ನ ಹೊತ್ತಾರೋ ಆ ಶಿವಗೂ ಗೊತ್ತಿಲ್ಲ." ಪ್ರಭುಲಿಂಗ ನಗರಸಭೆಯ ಮೆಟ್ಟಿಲು ತೆಗೆಯುವ ಇಲಾಖೆಯಲ್ಲಿ ಎಂಜಿನಿಯರ್. ಊರಿನಲ್ಲಿ ತೆಗೆಯಬೇಕಾದ ಮೆಟ್ಟಿಲು ಇನ್ನು ಹೆಚ್ಚು ಉಳಿದಿರಲಿಲ್ಲ. ನೌಕರಿಯ ಚಿಂತೆ ಅವನಿಗೂ ಇತ್ತು.

ಪ್ರತಿ ಸೋಮವಾರ ನಾಲಿಗೆಯ ಕೆಳಗೆ ಮದ್ದಿನ ನಾಲ್ಕು ಹನಿ. ಮೊದಲ ವರ್ಷ ಬಸುವಿನ ಕೆನ್ನೆಗೆ ಬಣ್ಣ ಬಂತು. ಒಮ್ಮೆ ಕುರ್ಚಿಗೆ ಹೇಳುವುದನ್ನು ಮರೆತು ತಾನೇ ಎದ್ದು ಕಪಾಟಿನ ಪುಸ್ತಕ ತೆಗೆದುಕೊಂಡ. ಗಂಡ ಹೆಂಡತಿ ಅಡುಗೆಮನೆಯಿಂದ ಅದನ್ನು ಕದ್ದು ನೋಡಿದರು, ಮೊಮ್ಮಗನ ಮೊದಲ ಹೆಜ್ಜೆ ನೋಡುವ ಮುದುಕರ ಹಾಗೆ. ಮಾತಾಡಿದರೆ ಎಲ್ಲಿ ಕೂತುಬಿಡುತ್ತಾನೋ ಎಂದು ಉಸಿರು ಬಿಗಿಹಿಡಿದರು.

ಎರಡನೆಯ ವರ್ಷ ಹನಿಗಳು ಮೂರಾದವು, ಆಮೇಲೆ ಎರಡು. ಬಸು ಸಣ್ಣ ಸಣ್ಣ ವಾಕ್ಯಗಳಲ್ಲಿ ಮಾತಾಡತೊಡಗಿದ. ಉದ್ದನೆಯ ವಾಕ್ಯಕ್ಕೆ ಉಸಿರು ಸಾಲುತ್ತಿರಲಿಲ್ಲ.

*

ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ನಕ್ಷೆಯೊಂದಿತ್ತು. ಮೈದಾನಕ್ಕೊಂದು ಹಸಿರು ಚುಕ್ಕೆ. ದಕ್ಷಿಣದ ಖಂಡಗಳು ಒಂದು ಕಾಲಕ್ಕೆ ಕಾರ್ತೀಕದ ಗುಡಿಯಂತೆ ಕಾಣುತ್ತಿದ್ದವು. ಈಗ ಒಂದೊಂದೇ ಚುಕ್ಕೆ ಮಂಕಾಗುತ್ತಿತ್ತು. ಮಕ್ಕಳು ಗೈರುಹಾಜರಾಗಿರಲಿಲ್ಲ. ಮೊದಲಿಗಿಂತ ಹೆಚ್ಚು ಹೊತ್ತು, ಹೆಚ್ಚು ವೇಗವಾಗಿ ಓಡುತ್ತಿದ್ದರು. ಬಿಲ್ಲೆಗಳಲ್ಲಿ ಮಾತ್ರ ಬೆವರಿನ ಸಾಮಾನ್ಯ ರಸಗಳಿದ್ದವು, ಕೇಕೆ ಇರಲಿಲ್ಲ.

"ಒಂದೇ ಒಂದು ಬಿಲ್ಲೆ ಬಿಟ್ಟು," ಎಂದಳು ನಿರ್ದೇಶಕಿ ಎಲೀಸ್ ರೂಡ್. ಎತ್ತರದ, ಸಭ್ಯ ಹೆಂಗಸು. ಕೆಟ್ಟ ಸುದ್ದಿ ಹೇಳುವ ಮೊದಲು ಎದುರಿನವರಿಗೆ ನೀರು ತರಿಸುತ್ತಿದ್ದಳು. "ಬೆಟಗೇರಿ ಎಂಬ ಜಾಗದಲ್ಲಿ. ರೇಣವ್ವ ಎಂಬ ಹದಿಮೂರರ ಹುಡುಗಿ. ಅವಳ ಬಿಲ್ಲೆ ಮೊದಲ ದಿನದಂತೆಯೇ ತುಂಬಿ ಬರುತ್ತಿದೆ. ಆ ಊರು ನಿಮಗೆ ಗೊತ್ತೇ?"

"ಗದಗಿನ ಮಗ್ಗುಲಲ್ಲಿ. ನೇಕಾರರ ಊರು."

"ಅವರ ಭಾಷೆ ನಿಮಗೆ ಬರುತ್ತದೆ. ಆ ಹುಡುಗಿ ಏನು ಮಾಡುತ್ತಾಳೆ ನೋಡಿಬನ್ನಿ. ಅದನ್ನೇ ಉಳಿದವರಿಗೂ ಕಲಿಸೋಣ." ಎಲೀಸ್ ನೀರಿನ ಲೋಟವನ್ನು ಆಕೆಯ ಕಡೆ ಸರಿಸಿದಳು. "ಇದು ಹೀಗೇ ಮುಂದುವರಿದರೆ ವಸಂತದ ಹೊತ್ತಿಗೆ ಹನಿ ಕೊಡುವುದನ್ನು ನಿಲ್ಲಿಸಬೇಕಾಗುತ್ತದೆ. ಎಲ್ಲ ಮಕ್ಕಳಿಗೂ."

ನೀಲಾಂಬಿಕಾ ನೀರು ಕುಡಿದಳು.

*

ಬೆಟಗೇರಿಯ ಮೈದಾನ ಮಗ್ಗದ ಓಣಿಯ ಹಿಂದೆ ಇತ್ತು. ಒಳಗೆ ಕಾಲಿಟ್ಟೊಡನೆ ಖಟಪಟ ಸದ್ದು ಕೇಳಿ ಮಕ್ಕಳ ಗದ್ದಲವೆಂದು ಆಕೆ ತಿಳಿದಳು. ಗೋಡೆಯಾಚೆಗಿನ ಮಗ್ಗಗಳು ಅವು. ಮಕ್ಕಳಿಂದ ಸದ್ದೇ ಇರಲಿಲ್ಲ.

ಮೇಲ್ವಿಚಾರಕ ಯಲಿಗಾರ ಮಾಸ್ತರು ನಿವೃತ್ತ ಡ್ರಿಲ್ ಮಾಸ್ತರು. ಕೊರಳಲ್ಲಿ ಸೀಟಿ, ಎದೆಯ ಮೇಲೆ ಸಂಸ್ಥೆಯ ಲಾಂಛನ. "ಬರ್ರಿ ಮೇಡಂ, ಬರ್ರಿ. ಶಿಸ್ತು ನೋಡ್ರಿ ಒಮ್ಮೆ. ಮೊದಲ ಇವು ಮಂಗ್ಯಾನಂಗ ಜಿಗೀತಿದ್ವು. ಒಂದರ ಅಂಗಿ ನೆಟ್ಟಗಿರ್ತಿರಲಿಲ್ಲ. ಈಗ ನೋಡ್ರಿ ಹೆಂಗದಾವ, ಬ್ಯಾಂಕಿನ್ಯಾಗ ಕೆಲಸಕ್ಕಿದ್ದಂಗ!"

ಸೀಟಿ ಊದಿದರು. ಸಮವಸ್ತ್ರದ ಮಕ್ಕಳು ಲಗೋರಿ ಆಡಿದರು. ಚೆಂಡೆಸೆದವನು ಎಸೆದು ಸರದಿಯ ಕೊನೆಗೆ ಹೋಗಿ ನಿಂತ. ಕಲ್ಲು ಬಿದ್ದವು. ಎರಡೂ ತಂಡ ಚೆದುರಿ ಓಡಿದವು, ಡಿಕ್ಕಿ ಹೊಡೆಯದೆ, ಬಯ್ಯದೆ, ಒಬ್ಬರ ದಾರಿಗೆ ಒಬ್ಬರು ಅಡ್ಡ ಬರದೆ. ಚೆಂಡು ತಗುಲಿದ ಹುಡುಗ ಕೈ ಎತ್ತಿ ತಾನೇ ಔಟೆಂದು ಒಪ್ಪಿಕೊಂಡ. ಬೆಟಗೇರಿಯ ಇತಿಹಾಸದಲ್ಲಿ ಇದು ಎಂದೂ ನಡೆದಿರಲಾರದು. ನೀಲಾಂಬಿಕಾ ಧಾರವಾಡದ ಓಣಿಯಲ್ಲಿ ಬೆಳೆದವಳು. ಚೆಂಡು ಬೆನ್ನಿಗೆ ಬಿದ್ದು ಬಾಸುಂಡೆ ಎದ್ದಿದ್ದರೂ "ಬಡದಿಲ್ಲ, ಬಡದಿಲ್ಲ" ಎಂದು ಕತ್ತಲಾಗುವವರೆಗೆ ಜಗಳಾಡುವುದೇ ಲಗೋರಿ ಎಂದು ಆಕೆಯ ತಿಳಿವಳಿಕೆಯಾಗಿತ್ತು.

"ಜಗಳ ಆಡಂಗಿಲ್ಲೇನ್ರಿ ಇವರು?"

"ಛೇ ಛೇ. ಪಗಾರ ತಗೊಂಡು ಜಗಳಾಡ್ತಾರೇನ್ರಿ?"

ಮಾಬು ಎಂಬ ಹುಡುಗ ನೀರು ಕುಡಿಯಲು ಬಂದ. "ಆಟ ಹೆಂಗೈತೋ?" ಎಂದು ಕೇಳಿದಳು.

"ಏನೈತ್ರಿ, ಡ್ಯೂಟಿ," ಎಂದ ಮಾಬು. "ಇನ್ನೊಂದು ತಾಸ್ ಐತಿ."

ಹುಡುಗರ ತೋಳಿನ ಬಿಲ್ಲೆಗಳೆಲ್ಲ ಕುರುಡು ಕಣ್ಣಿನಂತಿದ್ದವು. ಆಕೆ ಪಟ್ಟಿ ಹಿಡಿದು ರೇಣವ್ವನನ್ನು ಹುಡುಕಿದಳು. ಎತ್ತರದ, ಜಡೆ ಬಿಗಿದ ಹುಡುಗಿ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು. ತೋಳು ಬರಿದಾಗಿತ್ತು.

"ನಿನ್ನ ಬಿಲ್ಲೆ ಎಲ್ಲೆವ್ವ?"

ರೇಣವ್ವ ಮಾಸ್ತರ ಕಡೆ ಒಮ್ಮೆ, ಈಕೆಯ ಕಡೆ ಒಮ್ಮೆ ನೋಡಿ, ಸುಳ್ಳು ಹೇಳುವುದರಲ್ಲಿ ಲಾಭವಿಲ್ಲವೆಂದು ನಿರ್ಧರಿಸಿದಳು. "ಕೆರೀತಿತ್ರಿ. ಅದಕ್ಕ ಅಕಿಗೆ ಹಚ್ಚೀನಿ." ಗದ್ದದಿಂದ ಮೈದಾನದತ್ತ ತೋರಿದಳು.

ಓಡುವ ದೊಡ್ಡ ಮಕ್ಕಳ ಕಾಲುಗಳ ನಡುವೆ ಐದು ವರ್ಷದ್ದೊಂದು ಸುತ್ತುತ್ತಿತ್ತು. ಅಂಗಿಯ ಗುಂಡಿ ಎರಡು ಹೋಗಿದ್ದವು. ಎರಡೂ ತಂಡದ ಜೊತೆ ಓಡುತ್ತಿತ್ತು, ಎರಡರಿಂದಲೂ ತಪ್ಪಿಸಿಕೊಳ್ಳುತ್ತಿತ್ತು, ಯಾರೂ ಬೆನ್ನು ಹತ್ತದಿದ್ದರೂ ಹಿಂದೆ ತಿರುಗಿ ನೋಡಿ ಕಿರುಚುತ್ತಿತ್ತು. ಚೆಂಡು ಅದರ ತಲೆಗೇ ಬಂದು ಬಿತ್ತು. ಅದು "ಬಡದಿಲ್ಲ!" ಎಂದು ಕೂಗಿ ಮತ್ತೆ ಓಡಿತು. ಅಂಗಿಯ ತೋಳಿನೊಳಗೆ ಹಸಿರು ಬೆಳಕು, ಮಿಂಚುಹುಳ ಹಿಡಿದು ಬಚ್ಚಿಟ್ಟಂತೆ.

"ಯಾರಕಿ?"

"ನನ್ನ ತಂಗಿ ಪಾರಿ ರೀ."

"ಅಕಿ ಯಾವ ಪಾರ್ಟಿ?"

ರೇಣವ್ವನಿಗೆ ಈ ಓದಿದ ಹೆಂಗಸಿನ ಬಗ್ಗೆ ಮರುಕ ಹುಟ್ಟಿತು. "ಅಕಿ ಯಾವ ಪಾರ್ಟೀನೂ ಇಲ್ರಿ. ಸಣ್ಣಾಕಿ. ಅಕಿ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ನೀಲಾಂಬಿಕಾ ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಪ್ರಯೋಗಾಲಯದಲ್ಲಿ ಏಳು ವರ್ಷ ಇಲಿಗಳ ಜೊತೆ ಕಳೆದು ಕಂಡುಕೊಂಡದ್ದಕ್ಕೆ ಓಣಿಯ ಮಕ್ಕಳ ಬಳಿ ಮೊದಲಿನಿಂದ ಒಂದು ಕಾನೂನಿತ್ತು. ತೀರ ಸಣ್ಣವರನ್ನು ಆಟದಿಂದ ಹೊರಗಿಟ್ಟರೆ ಅಳುತ್ತಾರೆ, ಒಳಗಿಟ್ಟರೆ ತಂಡ ಸೋಲುತ್ತದೆ. ಅದಕ್ಕೇ ಒಳಗಿಟ್ಟು ಲೆಕ್ಕದಿಂದ ಬಿಡುವುದು. ಸಿಕ್ಕಿದರೂ ಔಟಿಲ್ಲ, ಗೆದ್ದರೂ ಗೆಲುವಲ್ಲ, ಎಷ್ಟು ಓಡಿದರೂ ಏನೂ ಆಗುವುದಿಲ್ಲ. ಆಕೆ ಮೂರು ವಿಮಾನ ಬದಲಿಸಿ ಬಂದದ್ದು ಇದನ್ನು ಕೇಳಲು.

*

"ಆ ಮಗುವನ್ನು ಹಾಗೇ ಬಿಡಬೇಕು," ಎಂದು ಆಕೆ ಮಧ್ಯಾಹ್ನ ವಸತಿಗೃಹದಿಂದ ಎಲೀಸ್‌ಗೆ ಹೇಳಿದಳು. "ಉಳಿದವರಿಗೆ ನಾವು ಸಂಬಳ ಕೊಟ್ಟೆವು, ವೇಳೆ ಗೊತ್ತುಮಾಡಿದೆವು, ಆಟ ಕೆಲಸವಾಯಿತು. ಇವಳಿಗೆ ಏನೂ ಗೊತ್ತಿಲ್ಲ. ಬಿಲ್ಲೆಯನ್ನು ಅಕ್ಕ ಕೊಟ್ಟ ಟಿಕಳಿ ಬೊಟ್ಟು ಎಂದುಕೊಂಡಿದ್ದಾಳೆ. ಹೀಗೆಯೇ ಎಲ್ಲ ಊರಲ್ಲೂ ಲೆಕ್ಕಕ್ಕಿಲ್ಲದ ಸಣ್ಣ ಮಕ್ಕಳಿರುತ್ತಾರೆ. ಯಾರಿಗೂ ಹೇಳದೆ..."

"ನೀಲಾ," ಎಂದಳು ಎಲೀಸ್ ಮೃದುವಾಗಿ. "ಆ ಮಗುವಿಗೆ ತಿಳಿಸದೆ ಅವಳ ದೇಹದಿಂದ ನಾವು ರಸ ತೆಗೆಯುತ್ತಿದ್ದೇವೆ. ಇದಕ್ಕೆ ಏನೆಂದು ಕರೆಯುತ್ತಾರೆ ನಿಮಗೆ ಗೊತ್ತು."

ನೀಲಾಂಬಿಕಾಳಿಗೆ ಗೊತ್ತಿತ್ತು. ಕಳ್ಳತನ ಎಂದು ಕರೆಯುತ್ತಾರೆ. ಆ ಕ್ಷಣದಲ್ಲಿ ಕಳ್ಳತನದ ಬಗ್ಗೆ ಆಕೆಗೆ ವಿಶೇಷ ತಕರಾರಿರಲಿಲ್ಲ.

"ನಿಮ್ಮ ಬೆಳಗಿನ ವರದಿ ಓದಿ ನೀತಿ ಸಮಿತಿ ಈಗಾಗಲೇ ಸೇರಿತ್ತು," ಎಲೀಸ್ ಮುಂದುವರಿಸಿದಳು. "ಇವತ್ತೇ ಬಿಲ್ಲೆ ತೆಗೆಯಬೇಕು. ಇಲ್ಲವೇ ಮಗುವಿಗೆ ಅರ್ಥವಾಗುವಂತೆ ಎಲ್ಲ ವಿವರಿಸಿ, ಒಪ್ಪಿಗೆ ಪಡೆದು, ಪಟ್ಟಿಗೆ ಸೇರಿಸಿ, ಸಂಬಳ ನಿಗದಿ ಮಾಡಬೇಕು. ಐದು ವರ್ಷದವರಿಗಾಗಿ ಅಳಿಲುಗಳ ಒಂದು ಚಿತ್ರಪುಸ್ತಕ ಇದೆ, ಕಳಿಸುತ್ತೇನೆ."

"ವಿವರಿಸಿದರೆ ದೀಪ ಆರುತ್ತದೆ."

"ಆರದೆಯೂ ಇರಬಹುದು."

"ಒಂದು ತಿಂಗಳು ತಡೆಯಿರಿ. ಬಸುವಿಗೆ..."

"ನಿಮ್ಮ ಮಗ ಆ ಹನಿಗಳ ಪಟ್ಟಿಯಲ್ಲಿದ್ದಾನೆ," ಎಂದಳು ಎಲೀಸ್. "ಅದಕ್ಕೇ ಈ ತೀರ್ಮಾನ ನಿಮಗೆ ಬಿಡಲಿಲ್ಲ. ನಿಮ್ಮ ಮೇಲಿನ ಕರುಣೆಯಿಂದಲೇ." ಅವಳ ದನಿ ನಿಜವಾಗಿಯೂ ಒದ್ದೆಯಾಗಿತ್ತು. ಒಳ್ಳೆಯ ಜನರೊಡನೆ ಇದೇ ಕಷ್ಟ. ಅವರ ಜೊತೆ ಲಗೋರಿಯ ಹಾಗೆ ಜಗಳಾಡಲು ಬರುವುದಿಲ್ಲ.

*

ಪಾರಿಯ ತಾಯಿ ದ್ಯಾಮವ್ವ ಮಗ್ಗದಿಂದ ಎದ್ದು, ಕೈ ಒರೆಸಿಕೊಂಡು, ಅಂಗಳದಲ್ಲಿ ಚಾಪೆ ಹಾಸಿದಳು. ಸುದ್ದಿ ಕೇಳಿ ಅವಳ ಮುಖ ಅರಳಿತು.

"ನಮ್ಮ ಪಾರೀನೂ ಲೆಕ್ಕಕ್ಕ ಬಂದ್ಲು ಅನ್ರಿ ಹಂಗಾದ್ರ!" ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದು ಎಲ್ಲರ ಅಂಗೈಗೆ ಒಂದೊಂದು ಚಿಟಿಕೆ ಹಾಕಿದಳು. ನೆರೆಯ ಮಗ್ಗಗಳೂ ಒಂದು ಗಳಿಗೆ ನಿಂತವು. "ಸಣ್ಣಾಕಿ, ಸಣ್ಣಾಕಿ ಅಂತ ಎಲ್ಲಾರೂ ಬಿಡ್ತಿದ್ರಿ. ನೋಡ್ರಿ, ದೂರ ದೇಶದವರು ಹುಡುಕ್ಕೊಂಡು ಬಂದಾರ."

ನೀಲಾಂಬಿಕಾ ಅಳಿಲಿನ ಪುಸ್ತಕ ತೆರೆದಳು. ಆಕೆಗೊಂದು ದುರಾಸೆಯಿತ್ತು. ಪುರೋಹಿತರು ಮಂತ್ರ ಹೇಳುವ ಹಾಗೆ ಗಡಬಡಿಸಿ ಓದಿಬಿಟ್ಟರೆ ಕಾನೂನಿಗೆ ಹೇಳಿದಂತೆಯೂ ಆಗುತ್ತದೆ, ಮಗುವಿಗೆ ತಿಳಿಯದಂತೆಯೂ ಆಗುತ್ತದೆ. ಸುತ್ತುಬಳಸಿ, ತಲೆತಗ್ಗಿಸಿ, ಒಂದೇ ಉಸಿರಿಗೆ ಓದಿದಳು. ಓಡುವ ಅಳಿಲು, ಓಡದ ಅಳಿಲು, ನಡುವೆ ಒಂದು ಕಾಯಿ.

ಪಾರಿ ಸಕ್ಕರೆ ನೆಕ್ಕುತ್ತ ಕೇಳಿದಳು. ದುರದೃಷ್ಟವಶಾತ್ ಜಾಣ ಹುಡುಗಿ.

"ಅಂದ್ರ ನಾ ಓಡಿದ್ರ ಒಬ್ಬ ಹುಡುಗ ನೆಟ್ಟಗಾಗ್ತಾನೇನ್ರಿ?"

"...ಹೂಂ."

"ಯಾರ ಹುಡುಗ?"

ಅಳಿಲಿನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನನ್ನ ಮಗ," ಎಂದಳು ನೀಲಾಂಬಿಕಾ.

"ಅವಗ ಕಾಲ್ ಇಲ್ಲೇನ್ರಿ?"

"ಅದಾವ."

"ಮತ್ತ್ಯಾಕ ಓಡಂಗಿಲ್ಲ?"

ದ್ಯಾಮವ್ವ "ಸುಮ್ನಿರ, ದೊಡ್ಡವ್ರಿಗೆ ಹಂಗೆಲ್ಲ ಕೇಳಬಾರ್ದು" ಎಂದು ಗದರಿದಳು. ನೀಲಾಂಬಿಕಾ ಪುಸ್ತಕ ಮುಚ್ಚಿದಳು. ಪಾರಿ ಮುಖ ಗಂಭೀರ ಮಾಡಿಕೊಂಡು ತೋಳಿನ ಬಿಲ್ಲೆಯನ್ನು ಮೊದಲ ಸಲ ಸರಿಯಾಗಿ ನೋಡಿಕೊಂಡಳು.

"ನಾ ಜೋರ್ ಓಡ್ತೀನ್ ತಗೋರಿ," ಎಂದು ಧೈರ್ಯ ಹೇಳಿದಳು.

ಮರುದಿನ ಅವಳಿಗೆ ಸಮವಸ್ತ್ರ ಸಿಕ್ಕಿತು. ಮೊಣಕಾಲು ಮುಚ್ಚುತ್ತಿತ್ತು. ಮಾಸ್ತರು ಹೆಸರು ಕೂಗಿದಾಗ "ಹಾಜರ್ ರೀ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಒದರಿದಳು. ತಂಡ ಆರಿಸುವಾಗ ರೇಣವ್ವ ಅವಳನ್ನು ತನ್ನ ಕಡೆಗೆ ಕರೆದುಕೊಳ್ಳಲಿಲ್ಲ. ಈಗ ಅವಳು ಲೆಕ್ಕಕ್ಕಿದ್ದಳು, ಕರೆದುಕೊಂಡರೆ ಸೋಲು. ಕೊನೆಗೆ ಮಾಬುವಿನ ತಂಡಕ್ಕೆ ಅವಳು ಬಿದ್ದಳು, ಮಾಬು ಹಣೆ ಚಚ್ಚಿಕೊಂಡ.

ಸೀಟಿ ಮೊಳಗಿತು. ಪಾರಿ ಓಡಿದಳು. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ನೆಲ ನೋಡಿಕೊಂಡು, ನಿನ್ನೆಗಿಂತ ಎಷ್ಟೋ ಜೋರಾಗಿ ಓಡಿದಳು. ಕಿರುಚಲಿಲ್ಲ. ಚೆಂಡು ಬೆನ್ನಿಗೆ ಬಿತ್ತು. ಅವಳು ನಿಂತು, ಉಳಿದವರನ್ನು ನೋಡಿ, ಕೈ ಎತ್ತಿದಳು.

ನಡೆದು ಬೇವಿನ ಕಟ್ಟೆಗೆ ಬಂದಳು. ಏದುಸಿರು ಬಿಡುತ್ತಿದ್ದಳು.

"ಇಷ್ಟು ಸಾಕೇನ್ರಿ?" ಎಂದಳು. ಆಮೇಲೆ ಮಬ್ಬಾದ ಬಿಲ್ಲೆಯನ್ನು ತಿರುಗಿಸಿ ತೋರಿಸಿದಳು. "ಮತ್ತ ಓಡ್ಲೇನ್ರಿ?"

ಹಾಲ್ವಿಕ್‌ನ ಗೋಡೆಯ ಮೇಲೆ ಬೆಟಗೇರಿಯ ಚುಕ್ಕೆ ಆರಿದ್ದನ್ನು ನೀತಿ ಸಮಿತಿ ವಿಷಾದದಿಂದ ದಾಖಲಿಸಿಕೊಂಡಿತು. ಪ್ರಕ್ರಿಯೆಯಲ್ಲಿ ಎಲ್ಲಿಯೂ ಲೋಪವಿರಲಿಲ್ಲ. ಬೇರೆ ಊರುಗಳ ಸಣ್ಣ ಮಕ್ಕಳನ್ನೂ ಹುಡುಕಿ, ವಿವರಿಸಿ, ಪಟ್ಟಿಗೆ ಸೇರಿಸಬೇಕೆಂದು ಸುತ್ತೋಲೆ ಹೋಯಿತು.

*

ಮನೆಗೆ ಬಂದ ದಿನ ಬಸು ಊರಿನ ಸುದ್ದಿ ಕೇಳಿದ. ಆಕೆ ಪಾರಿಯ ಬಗ್ಗೆ ಹೇಳಿದಳು, ಅರ್ಧ ಮಾತ್ರ. ದೀಪ ಉರಿಯುತ್ತಿದ್ದವರೆಗಿನ ಅರ್ಧ.

"ಸಿಕ್ಕರೂ ಔಟಿಲ್ಲ?"

"ಇಲ್ಲ."

"ಗೆಲ್ಲಂಗೂ ಇಲ್ಲ?"

"ಇಲ್ಲ."

"ಮತ್ತ. ಯಾಕ ಓಡ್ತಾಳ?" ಎರಡು ವಾಕ್ಯದ ನಡುವೆ ಅವನು ನಿಂತು ಉಸಿರು ತೆಗೆದುಕೊಂಡ. ತುಟಿಯಂಚು ನೇರಳೆಯಾಗಿತ್ತು. ಆ ಸೋಮವಾರ ಒಂದೇ ಹನಿ ಬಂದಿತ್ತು. ಮುಂದಿನದಕ್ಕೆ ಅದೂ ಇಲ್ಲವೆಂದು ಸಂಸ್ಥೆ ಬಹಳ ಸಭ್ಯವಾಗಿ ತಿಳಿಸಿತ್ತು.

ನೀಲಾಂಬಿಕಾ ಎದ್ದು ನಿಂತಳು. ನಲವತ್ತೆರಡರ, ತುಸು ಸ್ಥೂಲ ದೇಹದ, ಹಿಂದೆ ಯಾವಾಗ ಓಡಿದ್ದೆನೆಂದು ತಾನೇ ಮರೆತ ಹೆಂಗಸು. ಚೀಲದಲ್ಲಿ ಬೆಟಗೇರಿಯಿಂದ ತಂದ ಒಂದು ಬಿಲ್ಲೆ ಉಳಿದಿತ್ತು. ಮಗನಿಗೆ ಕಾಣದಂತೆ ಅದನ್ನು ತೋಳಿಗೆ ಅಂಟಿಸಿಕೊಂಡಳು. ದೊಡ್ಡವರಲ್ಲಿ ಕೇಕೆ ಹುಟ್ಟುವುದಿಲ್ಲವೆಂದು ಜಗತ್ತಿಗೆ ಸಾಧಿಸಿ ತೋರಿಸಿದ್ದವಳು ಆಕೆಯೇ. ಹಾಲ್‌ನಿಂದ ಮಲಗುವ ಕೋಣೆಯವರೆಗೆ ಉದ್ದನೆಯ ಓಣಿಯಂಥ ದಾರಿಯಿತ್ತು. ಸೆರಗು ಸಿಕ್ಕಿಸಿಕೊಂಡಳು.

"ಬಸ್ಯಾ, ನನ್ನ ಹಿಡಿ ನೋಡೂಣು!"

"ಯಾಕ?"

"ಸುಮ್ನ."

"ಹಿಡದ್ರ ಏನ್ ಸಿಗತೈತಿ?"

"ಏನೂ ಸಿಗಂಗಿಲ್ಲೋ ಭಾಡ್ಯಾ, ಹಿಡಿ!" ಎಂದು ಆಕೆ ಓಡಿದಳು. ನೆಲ ಅದುರಿತು, ಶೋಕೇಸಿನ ಗಾಜು ಗಿಲಕಿಯಾಯಿತು. ಪ್ರಭುಲಿಂಗ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದ.

ಬಸು ಒಂದು ಗಳಿಗೆ ಯೋಚಿಸಿದ. "ನಂದಿ," ಎಂದ. "ಅವ್ವನ್ನ ಹಿಡಿ."

ಕುರ್ಚಿ ಸದ್ದಿಲ್ಲದೆ ಹೊರಟಿತು. ಆತುರವಿಲ್ಲ. ಸಾಮಾನುಗಳನ್ನು ತಪ್ಪಿಸಿ, ಮೂಲೆಯಲ್ಲಿ ವೇಗ ತಗ್ಗಿಸಿ, ಮಲಗುವ ಕೋಣೆಯ ಬಾಗಿಲಲ್ಲಿ ಆಕೆಯ ಮಂಡಿಯ ಹಿಂಭಾಗಕ್ಕೆ ಹಗುರಾಗಿ ತಾಗಿ ನಿಂತಿತು, ಕ್ಷಮಿಸಿ ಎಂದು ಹೇಳಿತು.

"ಔಟ್," ಎಂದ ಬಸು. ಅವನ ದನಿಯಲ್ಲಿ ಹಿಗ್ಗೇನೂ ಇರಲಿಲ್ಲ. ಗೋಡೆ ಹಿಡಿದು ನಿಂತ ತಾಯಿಯ ಮುಖ ನೋಡಿದ. ಏನೋ ತಪ್ಪಾಯಿತೆಂದು ಅವನಿಗೆ ಅನಿಸಿರಬೇಕು. ಮೂಲತಃ ದೊಡ್ಡ ಮನಸ್ಸಿನ ಹುಡುಗ.

"ಹೋಗ್ಲಿ ಬಿಡವ್ವ. ನೀ ಲೆಕ್ಕಕ್ಕಿಲ್ಲ. ಮತ್ತ ಓಡು."

ಆಕೆ ಓಡಿದಳು. ಹಾಲ್‌ವರೆಗೆ ಹೋಗಿ, ಸೋಫಾ ಸುತ್ತಿ, ಹಿಂದೆ ತಿರುಗಿ ನೋಡಿ, "ಸಿಗಂಗಿಲ್ಲ, ಸಿಗಂಗಿಲ್ಲ!" ಎಂದು ಕಿರುಚುತ್ತ ಓಡಿದಳು. ಕಿರುಚಿದ್ದು ಚೆನ್ನಾಗಿಯೇ ಬಂತು. ತಿರುವಿನಲ್ಲಿ ಒಮ್ಮೆ ಸೆರಗು ಸರಿಸಿ ತೋಳು ನೋಡಿಕೊಂಡಳು. ಬಿಲ್ಲೆಯ ನಡುವೆ ಏನೂ ಇರಲಿಲ್ಲ. ಕಾರಣ ತಿಳಿಯಲು ಆಕೆಗೆ ಪ್ರಯೋಗಾಲಯ ಬೇಕಿರಲಿಲ್ಲ. ವಯಸ್ಸಿನ ಮಾತು ಹಾಗಿರಲಿ, ಆಕೆಯ ಓಟಕ್ಕೆ ಮುಟ್ಟಬೇಕಾದ ಜಾಗವೊಂದಿತ್ತು. ಅದು ಕುರ್ಚಿಯ ಮೇಲೆ ಕೂತು ಹಿಂದಿನಿಂದ ಬರುತ್ತಿತ್ತು.

ಆದರೂ ನಿಲ್ಲಲಿಲ್ಲ.

"ಇನ್ನೂ ಜೋರಾಗಿ, ಅವ್ವಾ," ಎಂದ ಬಸು. ಅಷ್ಟು ಹೇಳುವುದರಲ್ಲೇ ಅವನಿಗೆ ಏದುಸಿರು ಬಂದಿತ್ತು.